ಗುಡ್ಡದ ಮೇಲೆ ಗಾಳಿಯಂತ್ರ, ಗುಡ್ಡದ ಕೆಳಗೆ ಕತ್ತಲೆ

(ಚಿತ್ರದುರ್ಗದಲ್ಲಿ ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)

ಅಧ್ಯಕ್ಷರೆ, ದುರ್ಗದ ಮಹಾಜನರೆ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಬಸ್ಸಿನ ಖರ್ಚು ಕೈಯಿಂದಲೇ ಹಾಕಿಕೊಂಡು ಬಂದಿರುವ ಸೋದರ ಸೋದರಿಯರೆ,

ಕರೆಂಟಿನ ವಿಚಾರವಾಗಿ ಎರಡು ಮಾತು ಆಡಬೇಕೆಂದು ನನಗೆ ಅಪ್ಪಣೆಯಾಗಿದೆ. ನಾನು ಇಂಜಿನಿಯರನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ, ಕೆಲವು ವರ್ಷ ಮಕ್ಕಳಿಗೆ ಪಾಠ ಹೇಳಿ, ಆಮೇಲೆ ನಿಮ್ಮ ನಡುವೆ ಕೆಲಸಕ್ಕೆ ಬಂದವನು. ಆದರೆ ಮೇಷ್ಟ್ರಾಗಿದ್ದವನಿಗೆ ಒಂದು ರೋಗ ಅಂಟಿಕೊಂಡಿರುತ್ತದೆ. ಯಾರೋ ಪ್ರಶ್ನೆ ಕೇಳಿದರು, ತಾನು ಉತ್ತರ ಹೇಳಿದೆ, ಆ ಉತ್ತರ ತಪ್ಪು ಎಂದು ಆಮೇಲೆ ಗೊತ್ತಾಯಿತು ಎಂದರೆ, ಅದನ್ನು ತಿದ್ದುವವರೆಗೆ ಅವನಿಗೆ ನಿದ್ದೆ ಬರುವುದಿಲ್ಲ. ಇವತ್ತು ನಾನು ಅಂಥದೊಂದು ತಪ್ಪು ಉತ್ತರವನ್ನು ತಿದ್ದಲು ನಿಂತಿದ್ದೇನೆ.

2023ರ ಅಕ್ಟೋಬರ್ ತಿಂಗಳು ನಿಮಗೆ ನೆನಪಿರಬೇಕು. ಮುಂಗಾರು ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಗಾಲದ ಪಟ್ಟಿಗೆ ಸೇರಿದ ವರ್ಷ ಅದು. ಹೊಲದಲ್ಲಿ ಪೈರು ಒಣಗುತ್ತಿತ್ತು, ಪಂಪ್‌ಸೆಟ್ಟಿಗೆ ಕರೆಂಟು ಇರಲಿಲ್ಲ. ಒಂದು ಮಧ್ಯಾಹ್ನ ನಾನು ಒಂದು ಹತ್ತಿ ಗಿರಣಿಯ ಗೇಟಿನ ಹತ್ತಿರ ಹೋದೆ. ಹದಿನೈದಿಪ್ಪತ್ತು ಜನ ಹೆಣ್ಣುಮಕ್ಕಳು ಬೇವಿನ ಮರದ ನೆರಳಲ್ಲಿ ಕೂತಿದ್ದರು. ಬೆಳಿಗ್ಗೆ ಎಂಟಕ್ಕೆ ಬಂದವರು. ಕರೆಂಟು ಹತ್ತಕ್ಕೆ ಹೋಗಿತ್ತು. ಬಂದರೆ ಕೆಲಸ, ಕೆಲಸವಾದರೆ ಕೂಲಿ. ಅವರಲ್ಲಿ ವಯಸ್ಸಾದ ಒಬ್ಬ ತಾಯಿ ಕೈಯೆತ್ತಿ ಗುಡ್ಡದ ಕಡೆ ತೋರಿಸಿ ಕೇಳಿದರು: "ಮೇಷ್ಟ್ರೆ, ಅಗೋ ನೋಡ್ರಿ, ಅಷ್ಟೊಂದು ಫ್ಯಾನು ನಿಲ್ಸವ್ರೆ ಗುಡ್ಡದ ಮ್ಯಾಲೆ. ಅದ್ರಾಗೆ ಕರೆಂಟು ಬರ್ತತಂತೆ. ಹಂಗಾರೆ ನಮ್ಮೂರಾಗೆ ಯಾಕೆ ಕರೆಂಟಿಲ್ಲ?"

ನಾನು ತಡಮಾಡದೆ ಹೇಳಿದೆ: "ಅಮ್ಮಾ, ಆ ಕರೆಂಟನ್ನೆಲ್ಲ ಬಂಡವಾಳಗಾರರು ಬೆಂಗಳೂರಿಗೆ ಒಯ್ಯುತ್ತಾರೆ." ಎಲ್ಲರೂ ತಲೆದೂಗಿದರು. ನನಗೂ ಖುಷಿಯಾಯಿತು. ಆದರೆ ರಾತ್ರಿ ಮನೆಗೆ ಹೋಗುವಾಗ ಇನ್ನೊಮ್ಮೆ ಗುಡ್ಡದ ಕಡೆ ನೋಡಿದೆ. ಆ ಯಂತ್ರಗಳ ರೆಕ್ಕೆಗಳು ಅಲ್ಲಾಡದೆ ನಿಂತಿದ್ದವು. ಗಾಳಿಯೇ ಇರಲಿಲ್ಲ! ಇಲ್ಲದ ಕರೆಂಟನ್ನು ಯಾರು ಎಲ್ಲಿಗೆ ಒಯ್ದಾರು?

ನಾನು ಹೇಳಿದ್ದು ಅರ್ಧ ಸತ್ಯ. ಅರ್ಧ ಸತ್ಯ ಹೇಳುವವನು ಜನರ ಗೆಳೆಯನಲ್ಲ. ಪೂರ್ತಿ ಲೆಕ್ಕ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಕರೆಂಟು ರಾಗಿಯಲ್ಲ

ಮೊದಲು ಒಂದು ವಿಷಯ ತಿಳಿದುಕೊಳ್ಳಬೇಕು. ಕರೆಂಟು ರಾಗಿಯ ಹಾಗಲ್ಲ. ರಾಗಿಯನ್ನು ಸುಗ್ಗಿಯಲ್ಲಿ ಬೆಳೆದು ಹಗೇವಿಗೆ ಸುರಿದು ವರ್ಷಗಟ್ಟಲೆ ಇಡಬಹುದು. ಕರೆಂಟು ಹುಟ್ಟಿದ ಗಳಿಗೆಯಲ್ಲೇ ಖರ್ಚಾಗಬೇಕು. ಖರ್ಚಾಗುವ ಗಳಿಗೆಯಲ್ಲೇ ಹುಟ್ಟಬೇಕು. ನಿಮ್ಮಲ್ಲಿ ಹಿರಿಯರು ಕಪಿಲೆ ಬಾವಿ ನೋಡಿದ್ದೀರಿ. ಎರಡು ಎತ್ತು ಎಳೆಯುವ ಬಾನಿಗೆ ಇದ್ದಕ್ಕಿದ್ದಂತೆ ಎರಡರಷ್ಟು ಭಾರ ಹಾಕಿದರೆ ಏನಾಗುತ್ತದೆ? ಎತ್ತು ಮೊದಲು ನಿಧಾನವಾಗುತ್ತವೆ, ಆಮೇಲೆ ಮಂಡಿಯೂರುತ್ತವೆ. ದೇಶದ ವಿದ್ಯುತ್ ಜಾಲವೂ ಹಾಗೆಯೇ. ಅದರ ನಡಿಗೆ ಸೆಕೆಂಡಿಗೆ 50 ಆವರ್ತ. ಭಾರ ಹೆಚ್ಚಿದರೆ ನಡಿಗೆ ಕುಗ್ಗುತ್ತದೆ. ಹೆಚ್ಚು ಕುಗ್ಗಿದರೆ ಒಂದೊಂದೇ ಸ್ಥಾವರ ತನ್ನನ್ನು ತಾನು ಉಳಿಸಿಕೊಳ್ಳಲು ಕಳಚಿಕೊಳ್ಳುತ್ತದೆ. ಉಳಿದವುಗಳ ಮೇಲೆ ಭಾರ ಇನ್ನೂ ಹೆಚ್ಚುತ್ತದೆ. ಕೊನೆಗೆ ಎಲ್ಲ ಎತ್ತೂ ಮಲಗುತ್ತವೆ.

ಹೀಗೆ ಆದದ್ದುಂಟು. 2012ರ ಜುಲೈ 30ರಂದು ಉತ್ತರ ಭಾರತದ ಜಾಲ ಬಿತ್ತು. ಮರುದಿನ ಉತ್ತರ, ಪೂರ್ವ, ಈಶಾನ್ಯ ಮೂರೂ ಬಿದ್ದವು. ಸುಮಾರು 60 ಕೋಟಿ ಜನ ಕತ್ತಲಲ್ಲಿ ಕೂತರು. ರೈಲುಗಳು ಬಯಲಿನಲ್ಲಿ ನಿಂತವು. ಕಲ್ಲಿದ್ದಲು ಗಣಿಗಳ ಆಳದಲ್ಲಿ ಕಾರ್ಮಿಕರು ಸಿಕ್ಕಿಬಿದ್ದರು. ಆಗ ನಮ್ಮ ದಕ್ಷಿಣದ ಜಾಲ ಬೇರೆಯಾಗಿತ್ತು, ನಾವು ಉಳಿದೆವು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದಿಂದ ನಮ್ಮದನ್ನೂ ಅದಕ್ಕೆ ಕೂಡಿಸಿದರು. ಇದರಿಂದ ಉಪಕಾರವಿದೆ, ನಮ್ಮಲ್ಲಿ ಕೊರತೆಯಾದಾಗ ಪಂಜಾಬಿನಿಂದಲೂ ತರಿಸಬಹುದು. ಅಪಾಯವೂ ಇದೆ; ದೇಶಕ್ಕೆಲ್ಲ ಈಗ ಒಂದೇ ನೊಗ. ದೊಡ್ಡ ದೇಶಗಳೂ ಇದರಿಂದ ಪಾರಾಗಿಲ್ಲ. 2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್ ಎರಡೂ ಹಾಡಹಗಲೇ ಕರೆಂಟಿಲ್ಲದೆ ನಿಂತುಹೋದವು.

ಆದುದರಿಂದ ಲೋಡ್ ಶೆಡ್ಡಿಂಗ್ ಎಂದರೇನು? ಎತ್ತು ಮಂಡಿಯೂರುವ ಮೊದಲು ಬಾನಿಯ ಭಾರ ಇಳಿಸುವುದು. ಭಾರ ಇಳಿಸುವುದು ತಪ್ಪಲ್ಲ. ಯಾರ ಭಾರ ಇಳಿಸುತ್ತಾರೆ, ಯಾರನ್ನು ಮುಟ್ಟುವುದಿಲ್ಲ ಎಂಬುದೇ ರಾಜಕೀಯ. ಸ್ವಿಚ್ಚು ಒತ್ತುವವನು ಸ್ಟೇಷನ್ನಿನ ಆಪರೇಟರು, ಅವನು ನಮ್ಮ ಹಾಗೆಯೇ ದುಡಿಯುವವನು. ಪಟ್ಟಿ ಬರೆಯುವವರು ಬೇರೆ.

ಕೊರತೆ ಎಲ್ಲಿದೆ?

ದೇಶದಲ್ಲಿ ಕರೆಂಟಿನ ಬೇಡಿಕೆ ಏರುತ್ತಿದೆ. 2012ರಲ್ಲಿ ದೇಶದ ಅತಿ ಹೆಚ್ಚಿನ ಬೇಡಿಕೆ ಸುಮಾರು 1,35,000 ಮೆಗಾವಾಟ್. 2022ರ ಏಪ್ರಿಲಿನಲ್ಲಿ 2,07,000. 2024ರ ಮೇ 30ರಂದು 2,50,000. ನಮ್ಮ ರಾಜ್ಯದ್ದೇ 2025ರ ಮಾರ್ಚಿನಲ್ಲಿ 18,000 ಮೆಗಾವಾಟ್ ದಾಟಿತು. ಬಿಸಿಲು ಹೆಚ್ಚಿದಂತೆ ಪಟ್ಟಣಗಳಲ್ಲಿ ತಂಪು ಯಂತ್ರಗಳು ಹೆಚ್ಚಿವೆ; ಅಂತರ್ಜಲ ಇಳಿದಂತೆ ನಮ್ಮ ಪಂಪುಗಳ ಹೆಚ್.ಪಿ. ಹೆಚ್ಚಿದೆ. ನೂರು ಅಡಿಯಿಂದ ನೀರೆತ್ತುವ ಮೋಟಾರೇ ಬೇರೆ, ಎಂಟುನೂರು ಅಡಿಯಿಂದ ಎತ್ತುವುದೇ ಬೇರೆ.

ಇದಕ್ಕೆ ಕರೆಂಟು ಎಲ್ಲಿಂದ ಬರುತ್ತದೆ? ಸರ್ಕಾರದವರು ಹೇಳುತ್ತಾರೆ: 2025ರ ಜೂನ್ ಹೊತ್ತಿಗೆ ದೇಶದ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧ ಕಲ್ಲಿದ್ದಲು, ತೈಲ, ಅನಿಲಗಳಲ್ಲದ ಮೂಲಗಳದು. ಮಾತು ಸುಳ್ಳಲ್ಲ. ಆದರೆ ಸಾಮರ್ಥ್ಯ ಬೇರೆ, ದುಡಿಮೆ ಬೇರೆ. ಹತ್ತು ಜನ ಆಳಿನ ಹೆಸರು ಪುಸ್ತಕದಲ್ಲಿರಬಹುದು, ಅದರಲ್ಲಿ ಐದು ಜನ ಬಿಸಿಲಿದ್ದಾಗ ಮಾತ್ರ ಬರುವವರಾದರೆ ರಾತ್ರಿ ಪಾಳಿಗೆ ಎಷ್ಟು ಜನ ಸಿಕ್ಕರು? 2024-25ರಲ್ಲಿ ದೇಶದಲ್ಲಿ ಹುಟ್ಟಿದ ಕರೆಂಟಿನಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಪಾಲು ಕಲ್ಲಿದ್ದಲಿನದೇ.

ಆ ಕಲ್ಲಿದ್ದಲಿನ ಕಥೆಯೇನು? ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿಲ್ಲ. ರಾಯಚೂರು, ಬಳ್ಳಾರಿ, ಯರಮರಸ್ ಸ್ಥಾವರಗಳಿಗೆ ಅದು ಹೊರಗಿನಿಂದ ರೈಲಿನಲ್ಲಿ ಬರಬೇಕು. 2021ರ ಅಕ್ಟೋಬರಿನಲ್ಲಿ ದೇಶದ ಅರ್ಧಕ್ಕೂ ಹೆಚ್ಚು ಕಲ್ಲಿದ್ದಲು ಸ್ಥಾವರಗಳಲ್ಲಿ ಮೂರು ದಿನಕ್ಕೂ ಸಾಲದಷ್ಟು ದಾಸ್ತಾನು ಉಳಿದಿತ್ತು. 2022ರ ಬೇಸಗೆಯಲ್ಲಿ ಕಲ್ಲಿದ್ದಲಿನ ರೈಲಿಗೆ ದಾರಿ ಬಿಡಲು ಜನ ಓಡಾಡುವ ರೈಲುಗಳನ್ನೇ ರದ್ದು ಮಾಡಿದರು. ವಿದೇಶದ ಕಲ್ಲಿದ್ದಲು ತಂದು ಬೆರೆಸಿರೆಂದು ಕೇಂದ್ರದಿಂದ ಆಜ್ಞೆ ಬಂತು. ಅದರ ಬೆಲೆ ನಿಮ್ಮ ಬಿಲ್ಲಿನಲ್ಲಿ ಇಂಧನ ಹೊಂದಾಣಿಕೆಯ ಬಾಬ್ತಾಗಿ ಬಂದು ಕೂತಿತು. ಪಕ್ಕದ ಶ್ರೀಲಂಕಾದಲ್ಲಿ 2022ರ ಮಾರ್ಚಿನಲ್ಲಿ ಇಂಧನ ಕೊಳ್ಳಲು ವಿದೇಶಿ ಹಣವಿಲ್ಲದೆ ದಿನಕ್ಕೆ 13 ಗಂಟೆಯವರೆಗೆ ಕರೆಂಟು ತೆಗೆದರು, ಜನ ಬೀದಿಗಿಳಿದರು. ಕೊಂಡು ತಿನ್ನುವ ಮನೆಗೆ ಯಾವಾಗಲೂ ಭಯ.

ಇನ್ನು ನೀರು. ಶರಾವತಿಯ ಸ್ಥಾವರ 1,035 ಮೆಗಾವಾಟಿನದು. ಲಿಂಗನಮಕ್ಕಿ ತುಂಬಿದರೆ ಅದರಷ್ಟು ಅಗ್ಗದ ಕರೆಂಟು ಇಲ್ಲ. ತುಂಬದಿದ್ದರೆ 2023ರ ಗತಿ. ಗಾಳಿಯೋ, ಆಷಾಢದಲ್ಲಿ ನಮ್ಮ ಜೋಗಿಮಟ್ಟಿಯ ಸಾಲಿನಲ್ಲಿ ಮನುಷ್ಯ ನಿಲ್ಲಲಾರ, ಹಾಗೆ ಬೀಸುತ್ತದೆ. ಹೊಳಲ್ಕೆರೆ, ಹೊಸದುರ್ಗದ ಗುಡ್ಡಗಳಲ್ಲೂ ಅಷ್ಟೇ. ಕಾರ್ತಿಕದ ಹೊತ್ತಿಗೆ ಅದು ತಣ್ಣಗಾಗುತ್ತದೆ. ಬಿಸಿಲು ಸಂಜೆ ಆರಕ್ಕೆ ಮನೆಗೆ ಹೋಗುತ್ತದೆ. ನಾವು ದೀಪ ಹಚ್ಚುವುದು ಆರಕ್ಕೇ.

ಆದುದರಿಂದ ಗೆಳೆಯರೆ, ಮುಂದಿನ ಕೊರತೆ ವರ್ಷವಿಡೀ ಇರುವ ಕೊರತೆಯಲ್ಲ. ಮಧ್ಯಾಹ್ನ ಹೆಚ್ಚಾಗಿ ಚೆಲ್ಲುವಷ್ಟು ಕರೆಂಟು, ಸಂಜೆ ಬೇಡುವಂಥ ಗತಿ. ಆಷಾಢದಲ್ಲಿ ಹಬ್ಬ, ಬರಗಾಲದ ಕಾರ್ತಿಕದಲ್ಲಿ ಉಪವಾಸ. ಗಾಳಿ ಬಂದಾಗ ತೂರಿಕೋ ಎಂದು ಹಿರಿಯರು ಹೇಳಿದರು. ಸರಿ. ತೂರಿದ ಕಾಳನ್ನು ಇಡಲು ಹಗೇವು ಬೇಡವೆ? ನಮ್ಮ ದೇಶಕ್ಕೆ ಇಂದು ಇಲ್ಲದಿರುವುದು ಆ ಹಗೇವು.

ಮಾರಿಕಣಿವೆಯ ಪಾಠ

ಈ ಹಗೇವಿನ ವಿದ್ಯೆ ನಮಗೆ ಹೊಸದಲ್ಲ. ಹಿರಿಯೂರಿನವರು ಇಲ್ಲಿದ್ದೀರಿ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ವಾಣಿವಿಲಾಸ ಸಾಗರದ ಕೆಲಸ ಹಿಡಿದದ್ದು 1898ರಲ್ಲಿ, ಮುಗಿದದ್ದು 1907ರಲ್ಲಿ. 130 ಅಡಿಗೆ ಕೋಡಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು ಯಾವಾಗ? 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ನಂತರ. 2025ರ ಜನವರಿಯಲ್ಲಿ ಇನ್ನೊಮ್ಮೆ. ತುಂಬದ ವರ್ಷಗಳಲ್ಲೂ ಅದು ಹಿರಿಯೂರಿನ ತೋಟಗಳಿಗೆ, ನಮ್ಮ ದುರ್ಗದ ನಲ್ಲಿಗಳಿಗೆ ನೀರು ಕೊಟ್ಟಿತು. ತಾನು ಕಾಣದ ವರ್ಷಕ್ಕಾಗಿ ಕೂಡಿಡುವವನೇ ನಿಜವಾದ ಯಜಮಾನ.

ಈ ನೀರಿಗೂ ಕರೆಂಟಿಗೂ ಈಗ ಗಂಟು ಬಿದ್ದಿದೆ. ಭದ್ರಾ ಮೇಲ್ದಂಡೆಯ ನೀರು ತಾನಾಗಿ ನಮ್ಮ ಕಡೆ ಹರಿದು ಬರುವುದಿಲ್ಲ. ತರೀಕೆರೆಯ ಕಡೆ ಪಂಪುಗಳು ಅದನ್ನು ಎತ್ತಬೇಕು, ಅಜ್ಜಂಪುರದ ಸುರಂಗದಲ್ಲಿ ಹಾಯಬೇಕು, ಆಮೇಲೆ ನಮ್ಮ ಸಾಗರ ಸೇರಬೇಕು. ಸೂಳೆಕೆರೆಯಿಂದ ದುರ್ಗಕ್ಕೂ ಹೊಳಲ್ಕೆರೆಗೂ ಬರುವ ಕುಡಿಯುವ ನೀರೂ ಪಂಪಿನ ಮೇಲೆಯೇ. ಕರೆಂಟು ನಿಂತರೆ ದೀಪ ಮಾತ್ರ ಆರುವುದಿಲ್ಲ, ಕೊಡವೂ ಖಾಲಿ. ಬಯಲುಸೀಮೆಗೆ ಕರೆಂಟು ಎಂದರೆ ನೀರು.

ಇದೇ ಉಪಾಯವನ್ನು ಕರೆಂಟಿಗೂ ಹೂಡಬಹುದು. ಹಗಲಿನ ಅಗ್ಗದ ಬಿಸಿಲಿನ ಕರೆಂಟಿನಿಂದ ಕೆಳಗಿನ ಕೆರೆಯ ನೀರನ್ನು ಮೇಲಿನ ಕೆರೆಗೆ ಹತ್ತಿಸುವುದು, ಸಂಜೆ ಅದನ್ನೇ ಕೆಳಕ್ಕೆ ಬಿಟ್ಟು ಯಂತ್ರ ತಿರುಗಿಸುವುದು. ಸುಮಾರಾಗಿ ನಾಲ್ಕು ಯೂನಿಟ್ ಹಾಕಿದರೆ ಮೂರು ಯೂನಿಟ್ ವಾಪಸು ಬರುತ್ತದೆ. ಶರಾವತಿಯಲ್ಲಿ 2,000 ಮೆಗಾವಾಟಿನ ಇಂಥ ಯೋಜನೆಯೊಂದನ್ನು ಸರ್ಕಾರ ಮುಂದಿಟ್ಟಿದೆ. ಆದರೆ ಅದು ಸಿಂಗಳೀಕಗಳಿರುವ ಕಾಡಿನ ಒಳಗೆ ಸುರಂಗ ಕೊರೆಯುವ ಕೆಲಸ. ಅಲ್ಲಿನ ಜನ ಬೇಡವೆನ್ನುತ್ತಿದ್ದಾರೆ. ಅವರ ಮಾತನ್ನು ನಾವು ಬಯಲುಸೀಮೆಯವರು ಹಗುರಾಗಿ ತಳ್ಳಿಹಾಕಬಾರದು. ನಮ್ಮ ಮನೆಯ ದೀಪಕ್ಕೆಂದು ಲಿಂಗನಮಕ್ಕಿಯಲ್ಲಿ ಮುಳುಗಿದ ಮನೆಗಳ ಜನ, ಅವರ ಮಕ್ಕಳು, ಮೊಮ್ಮಕ್ಕಳು ಅರವತ್ತು ವರ್ಷವಾದರೂ ತಮಗೆ ಕೊಟ್ಟ ಭೂಮಿಯ ಹಕ್ಕುಪತ್ರಕ್ಕಾಗಿ ಇಂದಿಗೂ ಅಲೆಯುತ್ತಿದ್ದಾರೆ. ಹಳೆಯ ಸಾಲ ತೀರಿಸದವನು ಹೊಸ ಸಾಲ ಕೇಳಲು ಹೋದರೆ ಜನ ಬಾಗಿಲು ಹಾಕಿಕೊಳ್ಳುವುದು ಸಹಜ.

ಬೇರೆ ಹಗೇವೂ ಉಂಟು. ದೊಡ್ಡ ಬ್ಯಾಟರಿಗಳು ಕೆಲವು ವರ್ಷಗಳಿಂದ ಬಹಳ ಅಗ್ಗವಾಗುತ್ತ ಬಂದಿವೆ; ಅವನ್ನು ತಾಲ್ಲೂಕಿನ ಸಬ್‌ಸ್ಟೇಷನ್ನಿನಲ್ಲೇ ಇಡಬಹುದು. ಅದಕ್ಕಿಂತ ಅಗ್ಗದ ಹಗೇವು ಇನ್ನೊಂದಿದೆ. ರಾಜ್ಯದ ಕರೆಂಟಿನಲ್ಲಿ ಸುಮಾರು ಮೂರನೆಯ ಒಂದು ಪಾಲು ನೀರಾವರಿ ಪಂಪುಗಳಿಗೆ ಹೋಗುತ್ತದೆ. ಆ ಪಂಪುಗಳು ಬಿಸಿಲಿರುವಾಗಲೇ ಓಡಿದರೆ, ಸಂಜೆಯ ಭಾರ ತಾನಾಗಿ ಇಳಿಯುತ್ತದೆ. 2019ರಲ್ಲಿ ಬಂದ ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ನಿನ ಮಗ್ಗುಲಲ್ಲೇ ಸಣ್ಣ ಸೌರ ಸ್ಥಾವರ ಹಾಕಿ ಆ ಫೀಡರಿನ ಪಂಪುಗಳಿಗೆ ಕೊಡಲು ಅವಕಾಶವಿದೆ. ರೈತ ರಾತ್ರಿ ಎರಡು ಗಂಟೆಗೆ ಹಾವು, ಕರಡಿಯ ಭಯದಲ್ಲಿ ಟಾರ್ಚು ಹಿಡಿದು ಹೊಲಕ್ಕೆ ಹೋಗುವುದು ತಪ್ಪುತ್ತದೆ. ಗಿರಣಿಗೆ ಸಂಜೆಯ ಕರೆಂಟು ಉಳಿಯುತ್ತದೆ. ರೈತನಿಗೂ ಕಾರ್ಮಿಕನಿಗೂ ಜಗಳ ಹಚ್ಚುವವರಿಗೆ ಇದೇ ಉತ್ತರ.

ಯಾರ ಗಾಳಿ, ಯಾರ ಲಾಭ?

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಗುಡ್ಡದ ಕರೆಂಟು ತಂತಿಗೆ ಬಿದ್ದ ಮೇಲೆ ಅದಕ್ಕೆ ಊರಿನ ಹೆಸರಿಲ್ಲ. ಹೊಳೆಗೆ ಬಿದ್ದ ಮಳೆಹನಿಯ ಹಾಗೆ, ಹತ್ತಿರ ಎಲ್ಲಿ ಬಳಕೆಯಿದೆಯೋ ಅಲ್ಲಿಗೆ ಹರಿಯುತ್ತದೆ. ಆದರೆ ಲೆಕ್ಕದ ಪುಸ್ತಕದಲ್ಲಿ ಹೆಸರಿದೆ. 2003ರ ವಿದ್ಯುತ್ ಕಾಯ್ದೆ ಬಂದ ಮೇಲೆ ದೊಡ್ಡ ಗ್ರಾಹಕರು ವಿತರಣಾ ಕಂಪನಿಯನ್ನು ಬಿಟ್ಟು ನೇರವಾಗಿ ಉತ್ಪಾದಕರಿಂದ ಕೊಳ್ಳಬಹುದಾಯಿತು. 2022ರ ನಿಯಮದಿಂದ ಗಾಳಿ, ಬಿಸಿಲಿನ ಕರೆಂಟನ್ನು 100 ಕಿಲೋವಾಟಿನ ಗ್ರಾಹಕರೂ ಹಾಗೆ ಕೊಳ್ಳಬಹುದು. ಹಣವಿದ್ದವರು ಅಗ್ಗದ ಕರೆಂಟನ್ನು ಆರಿಸಿಕೊಂಡು ಹೋಗುತ್ತಾರೆ. ವಿತರಣಾ ಕಂಪನಿಯ ಕೈಯಲ್ಲಿ ಉಳಿಯುವವರು ಯಾರು? ನಾವು. ಕಂಬ, ತಂತಿ, ಕಚೇರಿ ಎಲ್ಲದರ ಖರ್ಚು ನಮ್ಮ ಮೇಲೆ. ಇಷ್ಟರಮಟ್ಟಿಗೆ ನಾನು ಅಂದು ಹೇಳಿದ್ದು ನಿಜ.

ಇದು ಇಂದಿನ ಕಥೆಯಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿದಾಗ ಅದು ಮೊದಲು ಹೋದದ್ದು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ, ಆಂಗ್ಲರ ಕಂಪನಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಹಳ್ಳಿಗಳು ದಶಕಗಟ್ಟಲೆ ಬುಡ್ಡಿದೀಪದಲ್ಲೇ ಕಾದವು. 2018ರ ಏಪ್ರಿಲ್ 28ರಂದು ದೇಶದ ಎಲ್ಲ ಹಳ್ಳಿಗಳಿಗೂ ವಿದ್ಯುತ್ ಮುಟ್ಟಿತೆಂದು ಸಾರಿದರು. ತಂತಿ ಮುಟ್ಟುವುದು ಬೇರೆ, ತಂತಿಯಲ್ಲಿ ಕರೆಂಟು ಹರಿಯುವುದು ಬೇರೆ.

ನಮ್ಮ ಮಗ್ಗುಲಿನ ಪಾವಗಡಕ್ಕೆ ಹೋಗಿ ನೋಡಿ. ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಸ್ಥಾವರ ಎದ್ದಿದೆ. ಅಲ್ಲಿ ಒಂದು ಒಳ್ಳೆಯ ಕೆಲಸವಾಯಿತು: ರೈತನಿಂದ ಭೂಮಿಯನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ. ಬರಗಾಲದ ನೆಲದ ಒಡೆಯನಿಗೆ ಇದು ದೊಡ್ಡ ಆಸರೆ. ಆದರೆ ಆ ನೆಲದಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕುತ್ತಿದ್ದ ಕೂಲಿಕಾರ? ಕುರಿ ಮೇಯಿಸುತ್ತಿದ್ದವನು? ಅವನಿಗೆ ಗುತ್ತಿಗೆ ಪತ್ರವಿಲ್ಲ, ಹೊಲವೂ ಇಲ್ಲ. ಭೂಮಿಯಿದ್ದವನಿಗೆ ಬಾಡಿಗೆ, ಇಲ್ಲದವನಿಗೆ ಗುಳೆ. ನಾಳೆ ನಮ್ಮ ಗುಡ್ಡ, ನಮ್ಮ ಕಾವಲುಗಳಲ್ಲೂ ಇದೇ ಆಗಬೇಕೆ?

ಕರೆಂಟು ಹೋದ ದಿನದ ಕೂಲಿ

ನಷ್ಟ ಯಾರದು ಎಂಬ ಲೆಕ್ಕ ಹಾಕೋಣ. ಗಿರಣಿಯ ಧಣಿಗೆ ಜನರೇಟರಿದೆ. ಹಿಟ್ಟಿನ ಗಿರಣಿಯ ಸಣ್ಣ ಯಜಮಾನನ ಹತ್ತು ಹೆಚ್.ಪಿ. ಮೋಟಾರು ಗಂಟೆಗೆ ಏಳೂವರೆ ಯೂನಿಟ್ ತಿನ್ನುತ್ತದೆ. ಒಂದು ಲೀಟರ್ ಡೀಸೆಲ್ಲಿನಿಂದ ಸುಮಾರು ಮೂರು ಯೂನಿಟ್ ಬರುತ್ತದೆ. ಲೀಟರಿಗೆ 90 ರೂಪಾಯಿ ಎಂದರೆ ಯೂನಿಟ್ಟಿಗೆ 30. ಲೈನಿನ ಕರೆಂಟಿಗಿಂತ ಹಲವು ಪಟ್ಟು. ಒಂದು ಸೇರು ಹಿಟ್ಟಿಗೆ ಅಷ್ಟು ಕೊಡುವ ಗಿರಾಕಿ ಯಾರು? ಅವನು ಬಾಗಿಲು ಹಾಕುತ್ತಾನೆ. ವೆಲ್ಡಿಂಗ್ ಅಂಗಡಿಯವನು, ಜೆರಾಕ್ಸ್ ಅಂಗಡಿಯವನು, ಹಾಲು–ಮೊಸರು ಮಾರುವವನು ಎಲ್ಲರದೂ ಇದೇ ಗತಿ. ಬಾಗಿಲು ಹಾಕಿದ ದಿನಕ್ಕೂ ನಿಗದಿತ ಶುಲ್ಕ ಮಾತ್ರ ತಪ್ಪುವುದಿಲ್ಲ. ಇದರ ಮೇಲೆ, ವಿದ್ಯುತ್ ನೌಕರರ ಪಿಂಚಣಿಯ ಬಾಬ್ತನ್ನು ಗ್ರಾಹಕರಿಂದ ವಸೂಲು ಮಾಡಲು ಅಪ್ಪಣೆಯಾಗಿ 2025-26ಕ್ಕೆ ಯೂನಿಟ್ಟಿಗೆ 36 ಪೈಸೆ ಬಿದ್ದಿದೆ. ನೌಕರನಿಗೆ ಪಿಂಚಣಿ ಸಿಗಲೇಬೇಕು. ಆದರೆ ಸರ್ಕಾರ ಹೊರಬೇಕಾದ ಹೊರೆಯನ್ನು ಸಣ್ಣ ಅಂಗಡಿಯವನ ತಲೆಗೆ ಇಳಿಸುವುದು ಯಾವ ನ್ಯಾಯ?

ಇನ್ನು ಕೆಲಸಗಾರ. ಕರೆಂಟಿಲ್ಲದೆ ಗಿರಣಿ ನಿಂತರೆ ಕಾನೂನಿನಲ್ಲಿ ಅದಕ್ಕೆ ಲೇ-ಆಫ್ ಎನ್ನುತ್ತಾರೆ. ಕಲ್ಲಿದ್ದಲು, ವಿದ್ಯುತ್, ಕಚ್ಚಾಮಾಲು ಇವುಗಳ ಕೊರತೆಯಿಂದ ಕೆಲಸ ಕೊಡಲಾಗದಿದ್ದರೆ ಅರ್ಧ ವೇತನ ಕೊಡಬೇಕೆಂದು 1953ರಲ್ಲೇ ಕೈಗಾರಿಕಾ ವಿವಾದ ಕಾಯ್ದೆಗೆ ಸೇರಿಸಿದರು. 2020ರ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಅದು ಇದೆ. ಹಾಗಾದರೆ ಆ ಬೇವಿನ ಮರದ ಕೆಳಗೆ ಕೂತ ತಾಯಂದಿರಿಗೆ ಅರ್ಧ ಕೂಲಿ ಯಾಕೆ ಸಿಗಲಿಲ್ಲ? ಕಾನೂನಿನ ಬಾಗಿಲು ಬಹಳ ಕಿರಿದು. ಐವತ್ತು ಜನಕ್ಕಿಂತ ಕಡಿಮೆ ಇದ್ದರೆ ಇಲ್ಲ. ಬದಲಿ ಕೆಲಸಗಾರರಿಗೆ, ದಿನಗೂಲಿಯವರಿಗೆ ಇಲ್ಲ. ಒಂದು ವರ್ಷ ಸತತವಾಗಿ ದುಡಿಯದಿದ್ದರೆ ಇಲ್ಲ. ಸುಗ್ಗಿಗೆ ಮಾತ್ರ ನಡೆಯುವ ಕಾರ್ಖಾನೆಗೆ ಇಲ್ಲ. ನಮ್ಮ ಹತ್ತಿ ಗಿರಣಿ, ಎಣ್ಣೆ ಗಿರಣಿ, ಅಕ್ಕಿ ಗಿರಣಿಗಳಲ್ಲಿ ಈ ನಾಲ್ಕು ಜರಡಿಯನ್ನೂ ದಾಟಿ ಉಳಿಯುವವರು ಎಷ್ಟು ಮಂದಿ? ದೇಶದ ಕೊರತೆಯನ್ನು ದಿನಗೂಲಿಯ ಹೆಣ್ಣುಮಗಳು ತನ್ನ ಸೆರಗಿನ ಗಂಟಿನಿಂದ ತುಂಬಿಕೊಡುತ್ತಿದ್ದಾಳೆ.

ನಮ್ಮ ತಪ್ಪೂ ಇದೆ

ಬೇರೆಯವರ ತಪ್ಪನ್ನೇ ಹೇಳಿ ಇಳಿದುಹೋದರೆ ನಾನು ಮತ್ತೆ ಅರ್ಧ ಸತ್ಯ ಹೇಳಿದಂತೆ. ನಮ್ಮ ಹಳ್ಳಿಗಳಲ್ಲಿ ಟಿ.ಸಿ. ಪದೇ ಪದೇ ಸುಡುವುದೇಕೆ? ಒಂದು ಟಿ.ಸಿ.ಗೆ ಲೆಕ್ಕಕ್ಕಿಂತ ಹೆಚ್ಚು ಮೋಟಾರು ಕಟ್ಟಿದ್ದೇವೆ. ಎಲ್ಲ ಮೋಟಾರಿಗೂ ಆಟೋ ಸ್ಟಾರ್ಟರ್. ಕರೆಂಟು ಬಂದ ಗಳಿಗೆಯಲ್ಲಿ ಇಪ್ಪತ್ತು ಮೋಟಾರು ಒಟ್ಟಿಗೆ ಎದ್ದರೆ ಯಾವ ಟಿ.ಸಿ. ತಡೆದೀತು? ಒಂದು ಕೆಪಾಸಿಟರ್ ಹಾಕಿಸಲು ಮನಸ್ಸಿಲ್ಲ, ಟಿ.ಸಿ. ರಿಪೇರಿಗೆ ವಂತಿಗೆ ಎತ್ತಲು ಮನಸ್ಸಿದೆ. ಕೊಂಡಿ ಹಾಕಿ ಕದಿಯುವುದನ್ನು ಜಾಣತನವೆಂದುಕೊಂಡಿದ್ದೇವೆ; ಕದ್ದ ಯೂನಿಟ್ಟಿನ ಬೆಲೆ ನೆರೆಮನೆಯವನ ಬಿಲ್ಲಿಗೆ ಸೇರುತ್ತದೆ. ಕತ್ತಲಲ್ಲಿ, ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್ನನ್ನು ಬೈಯುತ್ತೇವೆ. ಅವನ ಜೀವಕ್ಕೆ ಬೇಕಾದ ಕೈಗವಸು, ಬೆಲ್ಟು ಇದೆಯೇ ಎಂದು ಒಮ್ಮೆಯೂ ಕೇಳುವುದಿಲ್ಲ.

ಪಂಪ್‌ಸೆಟ್ಟಿಗೂ ಬಡವರ ಮನೆಗೂ ಉಚಿತ ಕರೆಂಟಿನ ವಿಷಯ ಯಾರೋ ಕೇಳಿದರು. 2008ರಿಂದ ಹತ್ತು ಹೆಚ್.ಪಿ.ವರೆಗಿನ ಪಂಪಿಗೆ, 2023ರಿಂದ ಮನೆಗಳಿಗೆ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬಂದಿದೆ. ನಾನು ಅದನ್ನು ವಿರೋಧಿಸುವವನಲ್ಲ. ಆದರೆ ಉಚಿತವೆಂದರೆ ಖರ್ಚಿಲ್ಲವೆಂದಲ್ಲ, ಖರ್ಚನ್ನು ಬೇರೆಯವರು ಕೊಡುತ್ತಾರೆಂದು. ಸರ್ಕಾರ ಆ ಹಣವನ್ನು ಹೊತ್ತಿಗೆ ಸರಿಯಾಗಿ ಕಟ್ಟದಿದ್ದರೆ ವಿತರಣಾ ಕಂಪನಿ ಸಾಲ ಮಾಡುತ್ತದೆ, ಹೊಸ ಟಿ.ಸಿ. ಕೊಳ್ಳುವುದಿಲ್ಲ, ಹಳೆಯ ತಂತಿ ಬದಲಿಸುವುದಿಲ್ಲ. ಬಿಲ್ಲು ಉಚಿತ, ಕರೆಂಟು ಇಲ್ಲ ಎಂಬ ಸ್ಥಿತಿ ಯಾರಿಗೆ ಬೇಕು?

ನಾವು ಕೇಳುವುದೇನು, ಮಾಡುವುದೇನು?

ಈ ಸಭೆ ಒಪ್ಪುವುದಾದರೆ ಐದು ಮಾತುಗಳನ್ನು ನಿರ್ಣಯವಾಗಿ ಮುಂದಿಡುತ್ತೇನೆ.

ಒಂದು: ಕರೆಂಟು ತೆಗೆಯಲೇಬೇಕಾದರೆ ವಾರಕ್ಕೆ ಮುಂಚೆ ವೇಳಾಪಟ್ಟಿ ಪ್ರಕಟವಾಗಲಿ. ಬೆಂಗಳೂರಿಗೊಂದು ನ್ಯಾಯ, ಬಯಲುಸೀಮೆಗೊಂದು ನ್ಯಾಯ ಬೇಡ.

ಎರಡು: ಕರೆಂಟಿಲ್ಲದೆ ಗಿರಣಿ ನಿಂತ ದಿನಕ್ಕೆ ದಿನಗೂಲಿ, ಬದಲಿ, ಸುಗ್ಗಿಯ ಕೆಲಸಗಾರರೆಲ್ಲರಿಗೂ ಅರ್ಧ ಕೂಲಿ ಸಿಗಲಿ. ಸಣ್ಣ ಗಿರಣಿಯವನಿಗೆ ಅದು ಭಾರವಾದರೆ, ಆ ದಿನಗಳ ನಿಗದಿತ ಶುಲ್ಕ ಮಾಫಿಯಾಗಿ ಆ ಹಣ ಕೂಲಿಗೆ ಸೇರಲಿ.

ಮೂರು: ಗುಡ್ಡದ ಗಾಳಿಯಿಂದ ಬರುವ ಆದಾಯದಲ್ಲಿ ಆ ಪಂಚಾಯಿತಿಗೆ ಪಾಲು. ಭೂಮಿ ಗುತ್ತಿಗೆಗೆ ಮಾತ್ರ, ಮಾರಾಟಕ್ಕಲ್ಲ. ಭೂಮಿಯಿಲ್ಲದವರಿಗೆ ಅಲ್ಲಿ ಮೊದಲ ಕೆಲಸ.

ನಾಲ್ಕು: ಕರೆಂಟಿನ ಹಗೇವು ಸಾರ್ವಜನಿಕರ ಕೈಯಲ್ಲಿರಲಿ. ನಾಳೆ ಸಂಜೆ ಆರರ ಕರೆಂಟೇ ಚಿನ್ನ. ಅದರ ಬೀಗದ ಕೈ ಖಾಸಗಿಯವರ ಸೊಂಟಕ್ಕೆ ಸೇರಿದರೆ, ಬರಗಾಲದಲ್ಲಿ ಧಾನ್ಯ ಬಚ್ಚಿಟ್ಟ ಸಾಹುಕಾರನ ಕಥೆ ಮತ್ತೆ ನಡೆಯುತ್ತದೆ.

ಐದು: ಹಗಲಿನ ಕರೆಂಟು ಸಣ್ಣ ಗಿರಣಿಗೆ ನಿಜವಾಗಿ ಅಗ್ಗವಾಗಲಿ. ಬಿಸಿಲಿನ ಹೊತ್ತಿನಲ್ಲಿ ದರವನ್ನು ಇಳಿಸುವ ಮಾತು ಕೇಂದ್ರದ 2023ರ ನಿಯಮದಲ್ಲೇ ಇದೆ. ಸಂಜೆಗೆ ಏರಿಸುವುದರಲ್ಲಿ ತೋರುವ ಆತುರವನ್ನು ಹಗಲಿಗೆ ಇಳಿಸುವುದರಲ್ಲೂ ತೋರಿಸಲಿ.

ಇವನ್ನು ಎಲ್ಲಿ ಹೇಳುವುದು? ದರ ಪರಿಷ್ಕರಣೆಗೆ ಮೊದಲು ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಯಾರು ಬೇಕಾದರೂ ಆಕ್ಷೇಪಣೆ ಬರೆದು ಕೊಟ್ಟು ಅಲ್ಲಿ ಮಾತಾಡಬಹುದು. ದೊಡ್ಡ ಉದ್ಯಮಿಗಳು ವಕೀಲರನ್ನು ಕಳಿಸುತ್ತಾರೆ. ನಾವು ಹೋಗುವುದಿಲ್ಲ, ಆಮೇಲೆ ಬಿಲ್ಲು ನೋಡಿ ಬೈಯುತ್ತೇವೆ. ಮುಂದಿನ ವಿಚಾರಣೆಗೆ ನಾಲ್ಕು ತಾಲ್ಲೂಕಿನಿಂದಲೂ ಜನ ಹೋಗಬೇಕು. ಇನ್ನೊಂದು: ಟಿ.ಸಿ. ಕೆಟ್ಟರೆ ಪಟ್ಟಣದಲ್ಲಿ 24 ಗಂಟೆಯೊಳಗೆ, ಹಳ್ಳಿಯಲ್ಲಿ 72 ಗಂಟೆಯೊಳಗೆ ಬದಲಿಸಬೇಕೆಂದು ಆಯೋಗ 2004ರಲ್ಲೇ ಸೇವಾ ನಿಯಮ ಮಾಡಿದೆ. ಆದುದರಿಂದ ಪ್ರತಿ ಓಣಿಯಲ್ಲೂ ಒಂದು ನೋಟ್‌ಬುಕ್ ಇಡಿ. ಕರೆಂಟು ಹೋದ ಹೊತ್ತು, ಬಂದ ಹೊತ್ತು, ಟಿ.ಸಿ. ಸುಟ್ಟ ದಿನ, ದೂರು ಕೊಟ್ಟ ದಿನ, ಬದಲಿಸಿದ ದಿನ, ಆ ದಿನ ಹೋದ ಕೂಲಿ — ಬರೆಯಿರಿ. ನಿಮ್ಮ ಮಕ್ಕಳು ಬರೆಯಲಿ, ಅವರಿಗೆ ಲೆಕ್ಕವೂ ಬರುತ್ತದೆ. ಬಾಯಿಮಾತಿನ ದೂರನ್ನು ಅಧಿಕಾರಿ ನಕ್ಕು ಕಳಿಸಬಹುದು. ಮೂರು ತಿಂಗಳ ಲೆಕ್ಕದ ಪುಸ್ತಕವನ್ನು ನಕ್ಕು ಕಳಿಸಲಾರ.

ಬಂಧುಗಳೆ, ಆ ತಾಯಿಯನ್ನು ನಾನು ಮತ್ತೆ ಹುಡುಕಿಕೊಂಡು ಹೋದೆ. ನನ್ನ ಉತ್ತರ ತಪ್ಪಾಗಿತ್ತು ಎಂದು ಒಪ್ಪಿಕೊಂಡೆ. ಗಾಳಿ ನಿಂತಿತ್ತು, ನೀರು ಇಳಿದಿತ್ತು, ಕೂಡಿಟ್ಟದ್ದು ಇರಲಿಲ್ಲ. ಇದ್ದಷ್ಟನ್ನು ಹಂಚುವಾಗ ನಮ್ಮ ಓಣಿ ಕೊನೆಯಲ್ಲಿತ್ತು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಗಾಳಿ ನಿಲ್ಲೋದು ಬಿಡಪ್ಪ, ದೇವ್ರ ಇಚ್ಛೆ. ಕೊನೇಗೆ ನಿಲ್ಸಿದ್ದು ಯಾರಿಚ್ಛೆ?"

ಇದಕ್ಕೆ ಉತ್ತರ ನಾನೊಬ್ಬ ಹೇಳತಕ್ಕದ್ದಲ್ಲ. ಆ ತಾಯಿ ಇವತ್ತು ಈ ಸಭೆಯಲ್ಲೇ ಕೂತಿದ್ದಾರೆ. ನಿರ್ಣಯಕ್ಕೆ ಕೈಯೆತ್ತುವ ಮೊದಲು ಅವರ ಮುಖವನ್ನೊಮ್ಮೆ ನೋಡಿ, ಆಮೇಲೆ ಕೈಯೆತ್ತಿ. ನಾಳೆ ಬೆಳಿಗ್ಗೆ ಹೋಗಿ ನಾಲ್ಕಾಣೆಯ ಬುದ್ಧಿಯಲ್ಲ, ನಲವತ್ತು ಪುಟದ ನೋಟ್‌ಬುಕ್ ಕೊಳ್ಳಿ.